ಮುಖದ ಬೆನ್ನು

ನಿಧಾನವನ್ನು ಕೆಲವರು ಹುಟ್ಟುಗುಣವೆನ್ನುತ್ತಾರೆ. ಕೆಲವರು ಸೋಮಾರಿತನಕ್ಕೆ ಇಟ್ಟ ಒಳ್ಳೆಯ ಹೆಸರೆನ್ನುತ್ತಾರೆ. ಕ್ರೈಸ್ತ ದೇವಾಲಯಗಳ ಹಳೆಯ ಬಣ್ಣದ ಗಾಜಿನ ಕಿಟಕಿಗಳನ್ನು ದುರಸ್ತಿ ಮಾಡಿ ಬದುಕಿದ ಆ ಮನುಷ್ಯನಿಗೆ ಅದು ತಾನಾಗಿ ಹೆಗಲಿಗೇರಿಸಿಕೊಂಡ ಹೊರೆಯಾಗಿತ್ತು. ಊರವರು ಅವರನ್ನು ನಿಧಾನಪ್ಪನವರೆಂದೇ ಕರೆಯುತ್ತಿದ್ದರು. ಏಣಿ ಹತ್ತುವ ಮುನ್ನ ಅದರ ಕಾಲುಗಳನ್ನು ಮೂರು ಸಲ ಅಲುಗಿಸಿ ನೋಡುವರು. ಒಂದು ಗಾಜಿನ ಚೂರನ್ನು ಕೈಗೆತ್ತಿಕೊಂಡರೆ ಎರಡು ಮೈಯನ್ನೂ ಬೆಳಕಿಗೆ ಹಿಡಿದು, ಮೂಗಿನ ತುದಿಗೆ ತಂದು, ಮತ್ತೆ ದೂರ ಸರಿಸಿ, ಮೊದಲ ಮೊಮ್ಮಗುವನ್ನು ಕಂಡ ಅಜ್ಜಿಯಂತೆ ತಿರುಗಿಸಿ ತಿರುಗಿಸಿ ನೋಡುವರು.

"ಮನೆಗೆ ಬೆಂಕಿ ಬಿದ್ರೂ ಇವರು ಮೊದ್ಲು ಒಂದು ಚಪ್ಪಲಿ ಹುಡುಕ್ತಾರೆ. ಆಮೇಲೆ ಅದರ ಜೋಡಿ ಹುಡುಕ್ತಾರೆ" ಎಂದು ಹೆಂಡತಿ ನಗುತ್ತಿದ್ದಳು.

ಈ ನಿಧಾನದ ಬೇರಿನಲ್ಲಿ ಒಂದು ದೊಡ್ಡ ಅವಸರವಿತ್ತೆಂಬುದು ಮೂವತ್ತೊಂದು ವರ್ಷ ಯಾರಿಗೂ ಗೊತ್ತಿರಲಿಲ್ಲ. ಪ್ರಿಯರೇ, ನಮ್ಮಲ್ಲಿ ಎಷ್ಟೋ ಸದ್ಗುಣಗಳು ಹೀಗೆಯೇ, ಯಾವುದೋ ಹಳೆಯ ಗಾಯದ ಮೇಲೆ ಬೆಳೆದ ಚರ್ಮವಾಗಿರುತ್ತವೆ.

ಅವರ ಕೆಲಸದ ಮನೆ ಎಂದರೆ ವಾಸದ ಮನೆಯ ಹಿಂದಿನ ಉದ್ದನೆಯ ಕೋಣೆ. ಉತ್ತರದ ಗೋಡೆಯಲ್ಲಿ ಆಳೆತ್ತರದ ಕಿಟಕಿ. ಅದರ ಕೆಳಗೆ, ಅಡಿಯಿಂದ ದೀಪದ ಬೆಳಕು ಹಾಯುವ ಗಾಜಿನ ಮೇಜು. ಗೋಡೆಯ ಮೊಳೆಗಳಿಗೆ ತೂಗುಬಿದ್ದ ಸೀಸದ ಪಟ್ಟಿಗಳು. ಮೂಲೆಯಲ್ಲಿ ಬಣ್ಣ ಸುಡುವ ಪುಟ್ಟ ಭಟ್ಟಿ. ಇನ್ನೊಂದು ಮೂಲೆ ಹೆಂಡತಿಯದು. ಜೋಡಿಸಿದ ಗಾಜಿಗೂ ಸೀಸಕ್ಕೂ ನಡುವೆ ಪುಟ್ಟಿ ತುಂಬಿ, ಕುಂಚದಿಂದ ಉಜ್ಜಿ, ನೀರು ನುಸುಳದಂತೆ ಮಾಡುವ ಕೆಲಸ ಆಕೆಯ ಕೈಯದು. ಈ ಕೆಲಸದ ಮನೆ ಮೊದಲು ಆಕೆಯ ತಂದೆಯದಾಗಿತ್ತು. ನಿಧಾನಪ್ಪನವರು ಅಲ್ಲಿಗೆ ಕೆಲಸ ಕಲಿಯಲು ಬಂದು ಅಳಿಯನಾಗಿ ಉಳಿದವರು. ಮಾವನವರು ತೀರಿಕೊಂಡು ಇಪ್ಪತ್ತೆಂಟು ವರ್ಷಗಳಾದರೂ ಅವರ ಚರ್ಮದ ಮುಂಗವಚ ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೆಯೇ ಇತ್ತು.

ಒಂದು ಮುಂಜಾನೆ ದೊಡ್ಡ ದೇವಾಲಯದಿಂದ ಒಂದು ಕಿಟಕಿಯ ನಡುಭಾಗವನ್ನು ಹಲಗೆಗಳ ನಡುವೆ ಭದ್ರಪಡಿಸಿ ತಂದು ಆ ಮೇಜಿನ ಮೇಲೆ ಇಳಿಸಿದರು. ಅಲ್ಲಿ ಆರಾಧನೆಗೆ ಸೇರುವ ಸಭೆಯವರೆಲ್ಲ ಅದನ್ನು ಕೋಳಿ ಕಿಟಕಿ ಎನ್ನುತ್ತಿದ್ದರು. ಒಡೆಯನನ್ನು ಹಿಡಿದೊಯ್ದ ರಾತ್ರಿ, ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ, ತನಗೂ ಆತನಿಗೂ ಸಂಬಂಧವೇ ಇಲ್ಲವೆಂದು ಮೂರು ಸಲ ಹೇಳಿ, ಕೋಳಿ ಕೂಗಿದೊಡನೆ ಎದೆಯೊಡೆದು ಅತ್ತ ಶಿಷ್ಯನ ಚಿತ್ರವದು. ಗೋಡೆಯ ಮೇಲೆ ಕೆಂಪು ಜುಟ್ಟಿನ ಹುಂಜ. ಕೆಳಗೆ ಮೆಟ್ಟಿಲಿನ ಮೇಲೆ ಕುಳಿತ ಮನುಷ್ಯ. ಆ ಮನುಷ್ಯನ ಮುಖಕ್ಕೆ ಏನೋ ಆಗಿತ್ತು. ಕೆನ್ನೆಯ ಮೇಲೆ ಕಪ್ಪು ಪಟ್ಟೆಗಳು ಇಳಿದಿದ್ದವು. ಕಣ್ಣಿನ ಸುತ್ತಲ ಬಣ್ಣ ಒಣಗಿದ ಕೆಸರಿನಂತೆ ಬಿರುಕುಬಿಟ್ಟು ಉದುರುತ್ತಿತ್ತು.

ಹಿಂದೆಯೇ ಮೂವರು ಬಂದರು. ಮೊದಲನೆಯವರು ಸಭೆಯ ಹಿರಿಯರಾದ ನಿವೃತ್ತ ಮೇಷ್ಟ್ರು. ಎರಡನೆಯವರು ಹೊಸದಾಗಿ ಬಂದ ಪಾದ್ರಿಗಳು, ಮೃದುಮಾತಿನ ತರುಣ. ಮೂರನೆಯವಳು, ಕರೆಯದಿದ್ದರೂ ಬಂದವಳು, ದೇವಾಲಯವನ್ನು ಐವತ್ತು ವರ್ಷಗಳಿಂದ ಗುಡಿಸುತ್ತಿದ್ದ ಮುದುಕಿ. ಎಪ್ಪತ್ತು ದಾಟಿದ್ದರೂ ಎಲ್ಲರ ಬಾಯಲ್ಲೂ ಆಕೆ ಇನ್ನೂ ಪೊರಕೆ ಅಕ್ಕನೇ.

"ನೋಡಿ ನಿಧಾನಪ್ಪನೋರೆ, ನಾನು ಮೊದ್ಲಿಂದ್ಲೂ ಹೇಳ್ತಾನೇ ಇದೀನಿ" ಎಂದರು ಮೇಷ್ಟ್ರು. "ಆ ಕಾಲದೋನು ಕಳಪೆ ಬಣ್ಣ ಬಳಿದು ಕೈ ತೊಳ್ಕೊಂಡು ಹೋಗಿದಾನೆ. ಇಲ್ದಿದ್ರೆ ಹನ್ನೆರಡು ಕಿಟಕೀಲಿ ಇದೊಂದೇ ಯಾಕೆ ಹೀಗಾಗ್ಬೇಕು?"

"ಹಳೇ ಮುಖ ತೆಗೆದು ಹೊಸದು ಬರೆಸೋಣ ಅಂತ ಹಿರಿಯರ ಅಭಿಪ್ರಾಯ" ಎಂದರು ಪಾದ್ರಿಗಳು. "ದೋಷ ಮೂಲ ಕೆಲಸದ್ದೇ ಅಂತ ನೀವೊಂದು ಮಾತು ಬರೆದುಕೊಟ್ರೆ ಸಾಕು. ಮಿಕ್ಕ ಹನ್ನೊಂದೂ ನಿಮ್ಮ ಕೈಗೇ ಬರ್ತವೆ. ನಿಮಗಿಂತ ನಂಬಿಕಸ್ತರು ಇನ್ಯಾರಿದಾರೆ?"

ಪೊರಕೆ ಅಕ್ಕ ಇದಾವುದನ್ನೂ ಕಿವಿಗೆ ಹಾಕಿಕೊಳ್ಳದೆ, ದಪ್ಪ ಕನ್ನಡಕವನ್ನು ಹಣೆಗೇರಿಸಿ, ಮೇಜಿನ ಮೇಲೆ ಬಾಗಿ, ಆ ಮುಖವನ್ನೇ ನೋಡುತ್ತಿದ್ದಳು.

"ಮೂವತ್ತು ವರ್ಷ ಆಯ್ತು, ಇವನು ನಂಗೆ ಮುಖ ಕೊಟ್ಟು ಮಾತಾಡಿ" ಎಂದಳು.

ಮೇಷ್ಟ್ರು ಪಾದ್ರಿಗಳ ಕಡೆ ತಿರುಗಿ ನಕ್ಕರು. "ಅಕ್ಕನ ಕಥೆ ನಿಮಗೆ ಗೊತ್ತಿಲ್ಲ ಅಯ್ಯನವರೇ. ಅವತ್ತು ಕಿಟಕಿ ರಿಪೇರಿಯಾಗಿ ಬಂದಾಗ, ಇದು ಮೊದಲಿನ ಮುಖ ಅಲ್ಲ, ಬೇರೆ ಯಾರೋ ಅಂತ ಗಲಾಟೆ ಮಾಡಿದ್ಲು. ಕಣ್ಣು ಮಂಜಾಗಿತ್ತು, ಪಾಪ. ಕನ್ನಡಕ ಹಾಕ್ಸಿದ್ದು ನಾನೇ."

"ಹೌದು ಮೇಷ್ಟ್ರೆ, ಹಾಕ್ಸಿದ್ರಿ. ಹಾಕ್ಕೊಂಡ್ಮೇಲೆ ಅವನು ಬದಲಾಗಿರೋದು ಇನ್ನೂ ಚೆನ್ನಾಗಿ ಕಾಣ್ತು."

ಎಲ್ಲರೂ ನಕ್ಕರು, ನಿಧಾನಪ್ಪನವರು ನಗಲಿಲ್ಲ. ಬರುವ ಭಾನುವಾರ ಆರಾಧನೆಯಾದ ಮೇಲೆ ತಮ್ಮ ಅಭಿಪ್ರಾಯ ತಿಳಿಸುವುದಾಗಿ ಹೇಳಿ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು. ಹಿಂದಿರುಗಿ ಬಂದು ಮೇಜಿನ ದೀಪವನ್ನು ಆರಿಸಿಬಿಟ್ಟರು. ಬೆಳಕಿನಲ್ಲಿ ಆ ಮುಖವನ್ನು ನೋಡುವ ಧೈರ್ಯ ಅವರಿಗಿರಲಿಲ್ಲ.

ಮೂವತ್ತೊಂದು ವರ್ಷಗಳ ಹಿಂದೆ ಅದೇ ಮೇಜಿನ ಮೇಲೆ ಅದೇ ಮುಖ ಮಲಗಿತ್ತು. ಆಗ ಅವರಿಗೆ ಇಪ್ಪತ್ತೈದರ ವಯಸ್ಸು. ಮದುವೆಯಾಗಿ ನಾಲ್ಕು ತಿಂಗಳು. ಮಾವನವರ ಕಣ್ಣಿಗೆ ಪೊರೆ ಬರಲು ತೊಡಗಿದ್ದರಿಂದ ನಾಜೂಕಿನ ಕೆಲಸ ಅಳಿಯನ ಪಾಲಿಗೆ ಬರುತ್ತಿತ್ತು. ಅದೇ ವಾರ ಮಾವನವರು ಯಾರದೋ ಸಾವಿಗೆಂದು ಪರಸ್ಥಳಕ್ಕೆ ಹೊರಟರು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು.

"ಹೊರಮೈಗೆ ಒದ್ದೆ ಹತ್ತಿ ಬಿಟ್ಟು ಇನ್ನೇನೂ ತಾಗಿಸ್ಬೇಡ. ಅದರಲ್ಲೂ ಮುಖದ ಬೆನ್ನು ಮುಟ್ಟಬೇಡ ನೋಡು."

ಯಾಕೆಂದು ಅಳಿಯ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು: ಹಳೆಯ ಕಾಲದ ಕೆಲವು ಕುಶಲಿಗರು ಮುಖದ ರೇಖೆಗಳನ್ನು ಗಾಜಿನ ಒಳಮೈಯಲ್ಲಿ ಬರೆದು, ನೆರಳನ್ನು ಮಾತ್ರ ಹೊರಮೈಯಲ್ಲಿ ಬಳಿದು ಸುಡುತ್ತಿದ್ದರು. ರೇಖೆಗೂ ನೆರಳಿಗೂ ನಡುವೆ ಗಾಜಿನ ದಪ್ಪ ನಿಂತು, ಬೆಳಕು ಹಾಯ್ದಾಗ ಕಣ್ಣಿಗೆ ಆಳ ಬರುತ್ತಿತ್ತು, ಕೆನ್ನೆಗೆ ತೇವ ಬರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಆ ನೆರಳು ನೂರು ವರ್ಷದ ಕೊಳೆಯಂತೆಯೇ ಕಾಣುವುದು.

ಅಳಿಯನಿಗೂ ಕೊಳೆಯಂತೆಯೇ ಕಂಡಿತು. ಮಾವ ಬರುವಷ್ಟರಲ್ಲಿ ಕೆಲಸ ಮುಗಿಸಿ ಸೈ ಎನ್ನಿಸಿಕೊಳ್ಳಬೇಕೆಂಬ ಹಟ. ಬಟ್ಟೆ ಒಗೆಯುವ ಸೋಡಾವನ್ನು ನೀರಿಗೆ ಕಲಸಿ, ತಂತಿಯ ನಾರು ತಂದು, ಪಾತ್ರೆಯ ತಳ ಉಜ್ಜುವಂತೆ ಉಜ್ಜಿದರು. ಕಂದುನೀರು ಹರಿಯಿತು. ಎಷ್ಟು ಚೆನ್ನಾಗಿ ಬಿಡುತ್ತಿದೆಯೆಂದು ಹಿಗ್ಗಿದರು. ಆಮೇಲೆ ಒರೆಸಿ ಬೆಳಕಿಗೆ ಹಿಡಿದರು. ಮೂಗಿತ್ತು, ಗಡ್ಡವಿತ್ತು, ಕಣ್ಣಿನ ಗೆರೆಯಿತ್ತು. ದುಃಖ ಮಾತ್ರ ಇರಲಿಲ್ಲ. ಆ ಮನುಷ್ಯನ ಕಣ್ಣೀರೆಲ್ಲ ಕೈಯಲ್ಲಿದ್ದ ಹರಕು ಬಟ್ಟೆಗೆ ಇಳಿದುಹೋಗಿತ್ತು.

ಅಂದೇ ಅವರು ತಪ್ಪಿನ ಮೇಲೆ ತಪ್ಪನ್ನಿಟ್ಟರು. ವಾರ್ನಿಷ್ ಎಣ್ಣೆಯಲ್ಲಿ ಕಂದುಬಣ್ಣ ಕಲಸಿ, ಭಟ್ಟಿಗೆ ಇಡದೆ, ಊಹೆಯ ಮೇಲೆ ಹೊರಮೈಗೆ ನೆರಳು ಬಳಿದರು. ಸುಡದ ಬಣ್ಣ ಸುಳ್ಳಿನಂತೆ. ಮೊದಲ ದಿನ ನಿಜಕ್ಕಿಂತ ಹೊಳೆಯುತ್ತದೆ. ಮಾವನವರು ಬಂದು, ಗಾಜನ್ನು ಕಿಟಕಿಗೆ ಹಿಡಿದು, ಮಂಜುಗಣ್ಣಿನಿಂದ ಬಹಳ ಹೊತ್ತು ನೋಡಿದರು. ಕೇಳಿದ್ದು ಇಷ್ಟೇ:

"ಅಂಚಲ್ಲಿ ಗೀಚಿದ್ಯಾ?"

"ಗೀಚಿದೆ ಮಾವ."

ಇದು ಆ ಕಸುಬಿನ ಹಳೆಯ ನೇಮ. ಯಾವ ಚೂರನ್ನು ದುರಸ್ತಿ ಮಾಡಿದರೂ, ಸೀಸದ ಪಟ್ಟಿ ಮುಚ್ಚುವ ಅಂಚಿನಲ್ಲಿ, ವಜ್ರದ ಮೊನೆಯಿಂದ, ತಾನು ಮಾಡಿದ್ದೇನು, ಯಾವ ವರ್ಷ ಎಂದು ಗೀಚಬೇಕು. ಅದೇ ಕಿಟಕಿಯ ಕೈಯ ಚೂರಿನ ಅಂಚಿನಲ್ಲಿ, ಎಂಬತ್ತು ವರ್ಷದ ಹಿಂದೆ ಯಾರೋ ಹೆಸರಿಲ್ಲದವನು ಗೀಚಿದ್ದನ್ನು ಮಾವನವರೇ ಒಮ್ಮೆ ಓದಿ ತೋರಿಸಿದ್ದರು: "ಈ ಕಿರುಬೆರಳು ನನ್ನ ಕೈಯಲ್ಲಿ ಮುರಿಯಿತು. ಅಂಟಿಸಿದ್ದೇನೆ." ಅಳಿಯ ಆಗ ನಕ್ಕಿದ್ದರು. "ಸೀಸದ ಕೆಳಗೆ ಇದನ್ನ ಯಾರು ನೋಡ್ತಾರೆ ಮಾವ?" ಎಂದಿದ್ದರು. "ಮುಂದೆ ಬಿಚ್ಚೋನು ನೋಡ್ತಾನಪ್ಪಾ" ಎಂದು ಮುದುಕರು ಹೇಳಿದ್ದರು.

ಈಗ ಗುರುವಾರ ಮಧ್ಯಾಹ್ನ, ಮೇಜಿನ ದೀಪ ಹೊತ್ತಿಸಿ, ನಿಧಾನಪ್ಪನವರು ಸೀಸದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದರು. ಹುಂಜವನ್ನು ಬೇರೆಯಿಟ್ಟರು, ಬೆಂಕಿಯ ಕೆಂಡಗಳನ್ನು ಬೇರೆಯಿಟ್ಟರು. ಕೈಯ ಚೂರು ಹೊರಬಂತು. ಕಿರುಬೆರಳಿನ ಪಕ್ಕದ ಅಕ್ಷರಗಳು ನಿನ್ನೆ ಗೀಚಿದಂತೆ ನಿಚ್ಚಳವಾಗಿದ್ದವು. ಕೊನೆಗೆ ಮುಖ. ಅದರ ಅಂಚನ್ನು ಸುತ್ತಲೂ ತಿರುಗಿಸಿ ನೋಡಿದರು, ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ. ಬರಿಯ ಗಾಜು. ಅದನ್ನು ಬಿಚ್ಚುವವನು ತಾನೇ ಆಗುವೆನೆಂದು ಅವರು ಎಂದೂ ಎಣಿಸಿರಲಿಲ್ಲ.

ಪಾದ್ರಿಗಳು ಕೇಳಿದ ಒಂದು ಮಾತು ಬರೆದುಕೊಟ್ಟರೆ ಈ ಮುಖ ಕಸದ ಬುಟ್ಟಿಗೆ ಹೋಗುತ್ತದೆ, ಅದರೊಡನೆ ಸಾಕ್ಷಿಯೂ. ಸತ್ತ ಕುಶಲಿಗ ಎದ್ದು ಬಂದು ವಾದಿಸುವುದಿಲ್ಲ. ಹನ್ನೊಂದು ಕಿಟಕಿಗಳು ಕೈಗೆ ಬರುತ್ತವೆ. ಅಂಥ ಕೆಲಸಕ್ಕಾಗಿ ಅವರು ಇಡೀ ಬಾಳು ಕಾದಿದ್ದರು. ಸತ್ಯ ಹೇಳಿದರೆ ಉಳಿಯುವುದು ಒಡೆದ ಹೆಸರು. ಸೈತಾನನು ಬಂದಾಗ ಕೊಂಬು ಬಾಲಗಳೊಡನೆ ಬರುವುದಿಲ್ಲ, ಪ್ರಿಯರೇ. ಬಹಳ ಸಲ ಅವನು ಗೌರವಸ್ಥರ ಕೈಯಲ್ಲಿ ಒಂದು ಖಾಲಿ ಕಾಗದವಾಗಿ ಬರುತ್ತಾನೆ.

ಹೆಂಡತಿ ಪುಟ್ಟಿ ಕಲಸುವುದನ್ನು ನಿಲ್ಲಿಸಿ ನೋಡಿದಳು. "ಏನ್ರೀ, ಅರ್ಧ ಗಂಟೆಯಿಂದ ಅದೊಂದೇ ಚೂರು ಹಿಡ್ಕೊಂಡು ಕೂತಿದೀರಾ. ನಿಮ್ಮ ನಿಧಾನಕ್ಕೂ ಒಂದು ಮಿತಿ ಬೇಡ್ವಾ?"

ಅವರು ಹೇಳಿದರು. ತಲೆಯೆತ್ತದೆ, ಸೋಡಾ ನೀರಿನಿಂದ ಮೊದಲುಗೊಂಡು "ಗೀಚಿದೆ ಮಾವ" ಎಂಬಲ್ಲಿಯವರೆಗೆ ಹೇಳಿದರು. ಅವಳು ಕೈಯಲ್ಲಿದ್ದ ಪುಟ್ಟಿಯ ಉಂಡೆಯನ್ನು ಒತ್ತುತ್ತ ಒತ್ತುತ್ತ ಕೇಳಿದಳು.

"ಅಪ್ಪಂಗೆ ಗೊತ್ತಿತ್ತಾ?"

"ನಂಗೊತ್ತಿಲ್ಲ. ಕೇಳೋ ಧೈರ್ಯ ಬರ್ಲಿಲ್ಲ."

"ನಾನು ಅವತ್ತೇ ಅಂದ್ಕೊಂಡೆ ಕಣ್ರೀ. ಇದೇನು, ಅಳೋ ಮುಖಾನಾ ಇದು, ಹುಂಜ ಎಷ್ಟು ತೂಗುತ್ತೆ ಅಂತ ನೋಡ್ತಿರೋ ಹಾಗಿದ್ಯಲ್ಲಾ ಅಂತ. ಹೊಸ ಹೆಂಡ್ತಿ, ಬಾಯಿ ಮುಚ್ಕೊಂಡಿದ್ದೆ." ಆಮೇಲೆ ದನಿ ತಗ್ಗಿಸಿದಳು. "ಅದೆಲ್ಲ ಇರ್ಲಿ. ಪೊರಕೆ ಅಕ್ಕ?"

"ಅದೇ."

"ಅದೇ ಅಂದ್ರೆ? ಆ ಜೀವಕ್ಕೆ ಇಡೀ ಸಭೆ ಕುರುಡಿ ಅಂತು. ನಾವೂ ನಕ್ವಿ. ಯಾಕೆ ಅವಳು ಆ ಕಿಟಕೀ ಕೆಳಗೇ ಕೂರ್ತಿದ್ಲು ಗೊತ್ತಾ? ಅವಳ ತಂಗಿ ಮನೆಬಿಟ್ಟು ಹೋಗಿ, ಹೊಟ್ಟೆಗಿಲ್ದೆ ಬಾಗಿಲಿಗೆ ಬಂದಾಗ, ಇವಳು ಜನರ ಮುಂದೆ 'ಇವಳ್ಯಾರೋ ನಂಗೊತ್ತಿಲ್ಲ' ಅಂದ್ಬಿಟ್ಟಿದ್ಲಂತೆ. ತಂಗಿ ಆಮೇಲೆ ಸಿಗ್ಲೇ ಇಲ್ಲ. ಅದಕ್ಕೇ ಆ ಶಿಷ್ಯ ಅಂದ್ರೆ ಅವಳಿಗೆ ಸ್ವಂತ ಅಣ್ಣನ ಹಾಗೆ. ನೀವು ಅವಳ ಜೊತೆ ಅಳೋನನ್ನೇ ಕಿತ್ಕೊಂಡ್ರಿ."

ಅದುವರೆಗೆ ನಿಧಾನಪ್ಪನವರು ತಮ್ಮ ತಪ್ಪು ಒಂದು ಗಾಜಿಗೆ ಮಾಡಿದ್ದೆಂದೇ ತಿಳಿದಿದ್ದರು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಗಳ ಕೋಣೆಯಲ್ಲಿ ಐದಾರು ಹಿರಿಯರು ಸೇರಿದರು. ಮೇಷ್ಟ್ರು ಕಾಗದವನ್ನೂ ಪೆನ್ನನ್ನೂ ಮುಂದಕ್ಕೆ ಸರಿಸಿದರು. ಹೊರಗೆ ಮೊಗಸಾಲೆಯಲ್ಲಿ ಪೊರಕೆಯ ಸದ್ದು ಕೇಳುತ್ತಿತ್ತು. ನಿಧಾನಪ್ಪನವರು ಎದ್ದು ಹೋಗಿ ಬಾಗಿಲು ತೆರೆದರು.

"ಅಕ್ಕಾ, ಸ್ವಲ್ಪ ಒಳಗೆ ಬರ್ತೀರಾ?"

"ಯಾಕಪ್ಪಾ, ಇಲ್ಲೇನು ಕಸ ಬಿದ್ದಿದೆ?" ಎನ್ನುತ್ತ ಆಕೆ ಪೊರಕೆ ಸಮೇತ ಬಂದಳು.

ಅವರು ನಿಂತೇ ಮಾತಾಡಿದರು. "ಕಿಟಕಿ ಮಾಡಿದೋನ ತಪ್ಪು ಒಂಚೂರೂ ಇಲ್ಲ. ಆ ಮುಖ ಕೆಡಿಸಿದ್ದು ನಾನು. ಮಾವ ಬೇಡ ಅಂದಿದ್ರೂ ಬೆನ್ನು ಉಜ್ಜಿದೆ, ನೆರಳೆಲ್ಲ ಹೋಯ್ತು. ಗೊತ್ತಾಗ್ಬಾರ್ದು ಅಂತ ಹಸಿ ಬಣ್ಣ ಬಳಿದೆ. ಈಗ ಉದುರ್ತಿರೋದು ನನ್ನ ಬಣ್ಣ. ಅಕ್ಕ ಅವತ್ತು ಹೇಳಿದ್ದು ನಿಜ. ಅವರ ಕಣ್ಣು ಸರಿಯಾಗೇ ಇತ್ತು."

ಮೇಷ್ಟ್ರ ಮುಖ ಕೆಂಪಾಯಿತು. "ಮೂವತ್ತು ವರ್ಷ! ಮೂವತ್ತು ವರ್ಷ ನಮ್ಮ ಜೊತೆ ಕೂತು ಪ್ರಾರ್ಥನೆ ಮಾಡಿದೀರಲ್ರೀ. ನಂಬಿದೋರ ಬೆನ್ನಿಗೇ ಚೂರಿ ಹಾಕಿದ್ರಿ. ಇನ್ನು ಹನ್ನೊಂದು ಕಿಟಕಿ ನಿಮ್ಮ ಕೈಗೆ ಹೇಗೆ ಕೊಡೋದು?"

"ಕೊಡ್ಬೇಡಿ" ಎಂದರು ನಿಧಾನಪ್ಪನವರು. "ಇದೊಂದನ್ನ ಮಾತ್ರ ಮಾಡೋಕೆ ಬಿಡಿ. ಹಳೇ ಮುಖ ಬಿಸಾಡ್ಬೇಡಿ. ಉದುರ್ತಿರೋ ನನ್ನ ಬಣ್ಣ ಮಾತ್ರ ತೆಗೆದು, ಮುಖದ ಹಿಂದೆ ತೆಳ್ಳಗಿನ ಇನ್ನೊಂದು ಗಾಜಿಟ್ಟು, ನೆರಳನ್ನ ಅದರ ಮೇಲೆ ಬರೆದು ಸುಡ್ತೀನಿ. ಹಳೇದಕ್ಕೆ ಒಂದು ಕೂದಲೆಳೆಯಷ್ಟೂ ತಾಗ್ಸಲ್ಲ. ಮುಂದೆ ಯಾರಿಗಾದ್ರೂ ಬೇಡ ಅನ್ನಿಸಿದ್ರೆ ತೆಗೆದುಬಿಡ್ಬಹುದು."

"ಮೊದಲಿನ ನೆರಳು ಹೇಗಿತ್ತು ಅಂತ ನಿಮಗೆ ನೆನಪಿದ್ಯಾ?" ಎಂದು ಪಾದ್ರಿಗಳು ಮೆಲ್ಲನೆ ಕೇಳಿದರು.

ಗಾಜಿನ ಮೈಯಲ್ಲಿ ಓರೆಬೆಳಕಿಗೆ ಕಾಣುವ ಅಳಿದುಳಿದ ಕಲೆಗಳಿದ್ದವು. ಅವು ನೆರಳು ಎಲ್ಲಿತ್ತೆಂದು ಹೇಳುತ್ತಿದ್ದವೇ ಹೊರತು ಎಷ್ಟಿತ್ತೆಂದು ಹೇಳುತ್ತಿರಲಿಲ್ಲ. ಹಳೆಯ ಫೋಟೋಗಳಲ್ಲಿಯೂ ಮದುವೆಯ ಜನರ ತಲೆಗಳ ಹಿಂದೆ ಹುಂಜದ ಬಾಲ ಮಾತ್ರ ಬಿದ್ದಿತ್ತು. ಪೊರಕೆ ಅಕ್ಕ ಹೊರಗೆ ಹೋದಳು. ಹೋದವಳು ಗುಡಿಸಲಿಲ್ಲ, ಅಂದು ಮೊಗಸಾಲೆ ಅರ್ಧ ಗುಡಿಸಿದಂತೆಯೇ ಉಳಿಯಿತು.

ಸಭೆಯ ಹಿರಿಯರು ಮಿಕ್ಕ ಕಿಟಕಿಗಳನ್ನು ಬೇರೊಬ್ಬರಿಗೆ ಒಪ್ಪಿಸಿದರು. ಇದೊಂದನ್ನು ಮಾತ್ರ, ಪಾದ್ರಿಗಳು ಬಹಳ ಹೇಳಿದ್ದರಿಂದ, ಇವರಿಗೇ ಬಿಟ್ಟರು. ಮೇಷ್ಟ್ರು ಬೀದಿಯಲ್ಲಿ ಕಂಡರೆ ಆಚೆ ಬದಿಗೆ ದಾಟತೊಡಗಿದರು. ಸತ್ಯ ಹೇಳಿದೊಡನೆ ಆಕಾಶ ತೆರೆದು ಹೂಮಳೆ ಸುರಿಯುತ್ತದೆಂದು ನಾನು ನಿಮಗೆ ಬೋಧಿಸಲಾರೆ. ನಿಧಾನಪ್ಪನವರಿಗೆ ಸಿಕ್ಕಿದ್ದು ಇಷ್ಟೇ: ಆ ರಾತ್ರಿ ಅವರು ಒಂದೇ ಮಗ್ಗುಲಲ್ಲಿ ಬೆಳಗಿನವರೆಗೆ ಮಲಗಿದರೆಂದು ಹೆಂಡತಿ ಹೇಳಿದಳು.

ಮೂರು ದಿನ ಅವರು ತೆಳುಗಾಜಿನ ಮೇಲೆ ಬಣ್ಣ ಬಳಿದು ಒರೆಸಿ, ಬಳಿದು ಒರೆಸಿ ಕಳೆದರು. ಒಮ್ಮೆ ಶಿಷ್ಯನಿಗೆ ಹಲ್ಲುನೋವು ಬಂದಂತೆ ಕಂಡಿತು, ಇನ್ನೊಮ್ಮೆ ನಿದ್ದೆಗೆಟ್ಟವನಂತೆ. ನಾಲ್ಕನೆಯ ದಿನ ಬೆಳಗ್ಗೆ ಬಾಗಿಲು ಸರಿಯಿತು. ಪೊರಕೆ ಅಕ್ಕ ನಿಂತಿದ್ದಳು, ಕೈಯಲ್ಲಿ ಪೊರಕೆಯಿಲ್ಲದೆ. ಹೆಂಡತಿ ಸ್ಟೂಲನ್ನು ಸೀರೆಯ ಸೆರಗಿನಿಂದ ಒರೆಸಿ ಮೇಜಿನ ಬಳಿ ಇಟ್ಟಳು.

"ನಾನೇನೂ ಕ್ಷಮ್ಸೋಕೆ ಬಂದಿಲ್ಲ" ಎಂದಳು ಅಕ್ಕ, ಕೂರುತ್ತ. "ಅದು ಆಮೇಲೆ ನೋಡೋಣ. ಎಡಗಣ್ಣಿನ ಕೆಳಗೆ ಇಷ್ಟು ತೆಳ್ಳಗಿರ್ಲಿಲ್ಲ. ಅಲ್ಲಿ ಕತ್ತಲೆ ಇತ್ತು."

ನಿಧಾನಪ್ಪನವರು ಕುಂಚ ಅದ್ದಿದರು. "ಇಷ್ಟಾ ಅಕ್ಕಾ?"

"ಇನ್ನೂ."

"ಈಗ?"

"ಜಾಸ್ತಿ ಆಯ್ತು. ಒದೆ ತಿಂದೋನ ಹಾಗಾದ. ಒರ್ಸು. ಮೂಗಿನ ಪಕ್ಕದಿಂದ ಶುರುವಾಗಿ ಕೆನ್ನೆಗೆ ಬರೋ ಹೊತ್ತಿಗೆ ಕರಗಿಹೋಗ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ನೀರಿದ್ದ ಹಾಗೆ ಇರ್ತಿತ್ತು. ನಾನು ಎಷ್ಟೋ ಸಲ ಅಂದ್ಕೊಂಡಿದೀನಿ, ಏಣಿ ಹಾಕಿ ಒರ್ಸಿಬಿಡ್ಲಾ ಅಂತ."

ಅವರು ಒರೆಸಿದರು, ಮತ್ತೆ ಬಳಿದರು. ಒಣಕುಂಚದಿಂದ ತಟ್ಟಿ ತಟ್ಟಿ ನೆರಳನ್ನು ತಿಳಿಮಾಡಿದರು. ಹೆಂಡತಿ ಮಧ್ಯೆ ಮಧ್ಯೆ ಚಹಾ ತಂದಿಟ್ಟು, ತಣ್ಣಗಾದ ಲೋಟಗಳನ್ನು ಎತ್ತಿಕೊಂಡು ಹೋದಳು. ಹೀಗೆ ಐದು ಬೆಳಗು ಅಕ್ಕ ಬಂದಳು. ಕೆಡುವ ಮುನ್ನ ಇಪ್ಪತ್ತು ವರ್ಷ ಆ ಮುಖದ ಕೆಳಗೆ ಮೊಣಕಾಲೂರಿದವಳ ನೆನಪಿನ ಮುಂದೆ ಯಾವ ಫೋಟೋ ನಿಂತೀತು? ಕಣ್ಣಿಲ್ಲದವಳೆಂದು ಊರೆಲ್ಲ ನಕ್ಕವಳ ಕಣ್ಣನ್ನೇ ನೆಚ್ಚಿ ಆ ಕೈ ನಡೆಯಿತು.

ಐದನೆಯ ಬೆಳಗು, ಭಟ್ಟಿಯಿಂದ ಹೊರಬಂದು ತಣಿದ ತೆಳುಗಾಜನ್ನು ಹಳೆಯ ಮುಖದ ಹಿಂದಿಟ್ಟು, ಎರಡನ್ನೂ ಜೋಡಿಸಿ ಹಿಡಿದು, ನಿಧಾನಪ್ಪನವರು ಉತ್ತರದ ಕಿಟಕಿಗೆ ಎತ್ತಿದರು. ಅಕ್ಕ ಎದ್ದು ನಿಂತಳು. ಕನ್ನಡಕವನ್ನು ಹಣೆಗೇರಿಸಿ ಹತ್ತಿರ ಬಂದಳು. ನಿಧಾನಪ್ಪನವರು ಗಾಜನ್ನು ಇಳಿಸದೆ ಹಿಡಿದೇ ಇದ್ದರು.

"ಬಂದ" ಎಂದಳು ಅಕ್ಕ.

ಹೆಂಡತಿ ಮೂಗೊರೆಸಿಕೊಳ್ಳುವ ನೆಪದಲ್ಲಿ ಪುಟ್ಟಿಯ ಡಬ್ಬಿಯತ್ತ ತಿರುಗಿದಳು. "ಹಾಗಾದ್ರೆ ಅಕ್ಕಾ, ಈ ಕನ್ನಡಕ?"

"ಇರ್ಲಿ ಬಿಡು. ಅಭ್ಯಾಸ ಆಗೋಗಿದೆ. ಇದಿಲ್ದಿದ್ರೆ ಮೇಷ್ಟ್ರು ದೂರದಿಂದ ಬರೋದು ಗೊತ್ತಾಗಲ್ಲ."

ಸೀಸದ ಪಟ್ಟಿ ಮುಚ್ಚುವ ಮುನ್ನ ನಿಧಾನಪ್ಪನವರು ವಜ್ರದ ಮೊನೆಯನ್ನು ತೆಗೆದುಕೊಂಡು ಹೊಸ ಗಾಜಿನ ಅಂಚಿನ ಮೇಲೆ ಬಾಗಿದರು. ಕಿರ್ರೆಂಬ ಸಣ್ಣ ಸದ್ದು ಕೋಣೆಯಲ್ಲಿ ಬಹಳ ಹೊತ್ತು ಕೇಳುತ್ತಿತ್ತು.

"ಏನು ಬರ್ದೆ? ಓದು" ಎಂದಳು ಅಕ್ಕ.

"ಈ ಮುಖದ ಬೆನ್ನನ್ನು ನಾನು ಉಜ್ಜಿ ಕೆಡಿಸಿದೆ. ಮುಚ್ಚಿಟ್ಟೆ. ಮೂವತ್ತೊಂದು ವರ್ಷದ ಮೇಲೆ ಹೇಳಿದೆ."

"ಅಷ್ಟೇನಾ? ನನ್ನ ಕಣ್ಣು ಸರಿಯಾಗಿತ್ತು ಅಂತಾನೂ ಬರಿ."

"ಜಾಗ ಇಲ್ಲ ಅಕ್ಕಾ. ಅಂಚು ಮುಗೀತು."

"ಮಾಡ್ಕೋ."

ನಿಧಾನಪ್ಪನವರು ಗಾಜನ್ನು ತಿರುಗಿಸಿ, ಎದುರು ಬದಿಯ ಅಂಚನ್ನು ಬೆಳಕಿಗೆ ಹಿಡಿದು, ಕನ್ನಡಕವನ್ನು ಸರಿಪಡಿಸಿಕೊಂಡು, ನಿಧಾನವಾಗಿ ಗೀಚತೊಡಗಿದರು.